ಎದ್ದು ಹೋಗುವುದನ್ನು ಕಲಿಸುವ ಟೀಚರ್

ಬೀದಿ ದೀಪಗಳು ಇನ್ನೂ ಆರಿಲ್ಲ. ಚರ್ಚಿನ ಎಡಗೋಡೆಗೆ ಅಂಟಿಕೊಂಡಂತಿರುವ ಸಣ್ಣ ಕೋಣೆಯ ಬಾಗಿಲು ಮಾತ್ರ ತೆರೆದಿದೆ. ಒಳಗೆ ನಾಲ್ಕಾರು ಬೆಂಚು, ನೆಲಕ್ಕೊಂದು ಸವೆದ ಜಮಖಾನೆ, ತಿರುಗುವಾಗ ಕುಂಟುವ ಫ್ಯಾನು. ಎದುರು ಗೋಡೆಯ ಗೂಡಿನಲ್ಲಿ ಹೊಂಬಣ್ಣದ ಎತ್ತರದ ಪಾತ್ರೆಯೊಂದಿದೆ. ಅದರ ಸುತ್ತ ಸೂರ್ಯನ ಕಿರಣಗಳ ಹಾಗೆ ಕಡ್ಡಿಗಳು, ನಡುವೆ ಗಾಜು, ಗಾಜಿನ ಹಿಂದೆ ಕಾಗದದಷ್ಟು ತೆಳ್ಳಗಿನ ಬಿಳಿಯ ದುಂಡನೆ ರೊಟ್ಟಿ. ಪೂಜೆಯ ಹೊತ್ತಿನಲ್ಲಿ ಗುರುಗಳ, ಅಂದರೆ ಪಾದ್ರಿಗಳ, ಕೈಯಲ್ಲಿ ಈ ರೊಟ್ಟಿ ಕ್ರಿಸ್ತನ ಶರೀರವೇ ಆಗುತ್ತದೆ ಎಂಬುದು ಕಥೋಲಿಕರ ನಂಬಿಕೆ. ಅದನ್ನು ಪರಮಪ್ರಸಾದ ಎನ್ನುತ್ತಾರೆ. ಅದರ ಎದುರು ಕುಳಿತು ಹೊತ್ತು ಕಳೆಯುವುದಕ್ಕೆ ಆರಾಧನೆ ಎನ್ನುತ್ತಾರೆ.

ಮೊದಲ ಬೆಂಚಿನ ತುದಿಯಲ್ಲಿ, ಐವತ್ತರ ಕೊನೆಯಲ್ಲಿರುವ ಹೆಂಗಸೊಬ್ಬರು ಕುಳಿತಿದ್ದಾರೆ. ಜಪಸರ ಬೆರಳಿಗೆ ಸುತ್ತಿಕೊಂಡಿದೆ, ಆದರೆ ಮಣಿ ಉರುಳುತ್ತಿಲ್ಲ. ತುಟಿಯೂ ಅಲುಗುತ್ತಿಲ್ಲ. ಬಸ್ಸಿಗೆ ಕಾಯುವವರು ಕೂರುತ್ತಾರಲ್ಲ, ಹಾಗೆ ಕುಳಿತಿದ್ದಾರೆ. ಬಲ ಮುಂಗೈ ಮೇಲೆ ಒಂದರ ಪಕ್ಕ ಒಂದು ಸುಟ್ಟ ಕಲೆಗಳು. ಕಾಲ ಬಳಿ ಬಟ್ಟೆಯ ಚೀಲ; ಅದರೊಳಗೆ ಆಸ್ಪತ್ರೆಯ ಲಾಂಡ್ರಿಯವರು ತೊಡುವ ನೀಲಿ ಮೇಲಂಗಿ ಮಡಿಸಿಟ್ಟಿದೆ.

ದಿನದ ಮೊದಲ ಗಂಟೆ ಇವರದು. ಆ ಗಂಟೆ ಮುಗಿದು ಸ್ವಲ್ಪ ಹೊತ್ತಾಯಿತು. ಮುಂದಿನ ಗಂಟೆಗೆ ಬರಬೇಕಾದ ಅಜ್ಜಿಯ ಸುಳಿವಿಲ್ಲ. ಹೊರಗೆ ಹಾಲಿನ ವ್ಯಾನು ನಿಂತು ಹೋಗುತ್ತದೆ, ಯಾರೋ ಅಂಗಡಿಯ ಶಟರ್ ಎತ್ತುತ್ತಾರೆ. ಇವರು ಬಾಗಿಲ ಕಡೆ ತಿರುಗಿ ನೋಡುವುದಿಲ್ಲ. ಆದರೆ ಎಡಗೈ ಮೆಲ್ಲನೆ ಬೆಂಚಿನ ಅಂಚನ್ನು ಹಿಡಿದುಕೊಳ್ಳುತ್ತದೆ. ಹಿಡಿತ ಬಿಗಿಯಾಗುತ್ತಾ ಹೋಗಿ ಬೆರಳ ಗಂಟುಗಳು ಬೆಳ್ಳಗಾಗುತ್ತವೆ. ಅಷ್ಟರಲ್ಲಿ ಅಂಗಳದಲ್ಲಿ ಊರುಗೋಲಿನ ಸದ್ದು. ಕೈ ಸಡಿಲವಾಗುತ್ತದೆ.

ಅಜ್ಜಿ ಒಳಗೆ ಬರುವ ಮೊದಲೇ ಇವರು ಎದ್ದು, ಬೆನ್ನಿಗೆ ಆನಿಕೆಯಿರುವ ಒಂದೇ ಒಂದು ಕುರ್ಚಿಯನ್ನು ಮುಂದೆ ಎಳೆದು, ಅದರ ಮೇಲೆ ದಿಂಬಿಟ್ಟು, ಫ್ಯಾನಿನ ಗಾಳಿ ಮಂಡಿಗೆ ಹೊಡೆಯದಂತೆ ಕುರ್ಚಿಯನ್ನು ಓರೆ ಮಾಡುತ್ತಾರೆ. ತಡವಾಯಿತೆಂದು ಅಜ್ಜಿ ಪಿಸುಗುಟ್ಟಿ ಕೈಮುಗಿದರೆ, ‘ಮೊದಲು ಕೂತ್ಕೊಳ್ಳಿ, ಆಮೇಲೆ ಕೈಮುಗೀರಿ, ಅದೂ ನನಗಲ್ಲ’ ಎಂದು ಗೂಡಿನ ಕಡೆ ತೋರಿಸುತ್ತಾರೆ. ಅಜ್ಜಿ ನಗುತ್ತಾರೆ. ಇವರು ಮಂಡಿಯೂರಿ, ಶಿಲುಬೆಯ ಗುರುತು ಮಾಡಿ, ಚೀಲ ಎತ್ತಿಕೊಂಡು ಹೊರಟರೆ ನಮ್ಮಂಥವರು ಹಿಂದೆ ಓಡಬೇಕು.

ಚರ್ಚಿಗೂ ಆಸ್ಪತ್ರೆಗೂ ನಡುವೆ ಎರಡು ಬೀದಿ, ಒಂದು ಸೇತುವೆ. ಲಾಂಡ್ರಿ ಇರುವುದು ನೆಲಮಾಳಿಗೆಯಲ್ಲಿ. ಕಿಟಕಿಗಳು ಚಾವಣಿಗೆ ತಾಗಿಕೊಂಡಿರುವುದರಿಂದ ಹೊರಗೆ ನಡೆಯುವವರ ಪಾದಗಳಷ್ಟೇ ಕಾಣುತ್ತವೆ. ಒಗೆದು ಬಂದ ಹೊದಿಕೆ, ದಿಂಬಿನ ಚೀಲ, ಶಸ್ತ್ರಚಿಕಿತ್ಸೆ ಕೋಣೆಯ ಹಸಿರು ಬಟ್ಟೆಗಳು ಗಾಡಿಗಳಲ್ಲಿ ಗುಡ್ಡೆಯಾಗಿ ಬರುತ್ತವೆ. ದೊಡ್ಡ ಉರುಳೆಯ ಯಂತ್ರ ಹೊದಿಕೆಗಳನ್ನು ನುಂಗಿ ಉಗುಳುತ್ತದೆ. ಅಂಚು ಮಡಚಿಕೊಂಡವನ್ನೂ ಸಣ್ಣ ಬಟ್ಟೆಗಳನ್ನೂ ಕೈಯಿಂದಲೇ ಇಸ್ತ್ರಿ ಮಾಡಬೇಕು. ಕೈ ಕೆಲಸ ಇವರದು. ದಿನಕ್ಕೆ ಇನ್ನೂರಕ್ಕೆ ಕಡಿಮೆಯಿಲ್ಲ. ಇಪ್ಪತ್ತೆರಡು ವರ್ಷದಿಂದ ಇದೇ ಮೇಜು. ಮಕ್ಕಳ ವಾರ್ಡಿನ ಬಟ್ಟೆ ಬಂದಾಗ, ಅದರಲ್ಲಿ ಬೊಂಬೆ ಚಿತ್ರವಿರುವ ದಿಂಬಿನ ಚೀಲಗಳನ್ನು ಬೇರೆ ಮಾಡಿ ಮೇಲಿಡುತ್ತಾರೆ. ನರ್ಸುಗಳು ಅವಸರದಲ್ಲಿ ಮೇಲಿರುವುದನ್ನೇ ತೆಗೆದುಕೊಳ್ಳುವುದು ಅವರಿಗೆ ಗೊತ್ತು.

ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಹದಿಹರೆಯದ ಮಕ್ಕಳಿಗೆ ಧರ್ಮೋಪದೇಶದ ತರಗತಿ. ನಂಬಿಕೆಯನ್ನು ದೊಡ್ಡವರಾಗಿ ಗಟ್ಟಿಮಾಡಿಕೊಳ್ಳುವ ದೃಢೀಕರಣ ಸಂಸ್ಕಾರ ಪಡೆಯುವ ಮೊದಲು ಎರಡು ವರ್ಷ ಈ ತರಗತಿಗೆ ಬರಬೇಕೆಂಬುದು ನಿಯಮ. ಅದರಲ್ಲಿ ಪ್ರಾರ್ಥನೆ ಮತ್ತು ಆರಾಧನೆಯ ಪಾಠ ಇವರದು. ಇದಕ್ಕೆ ಸಂಬಳವಿಲ್ಲ, ಕೇಳಿದವರೂ ಇಲ್ಲ. ಮಕ್ಕಳು ಇವರಿಗಿಟ್ಟ ಹೆಸರು ‘ಇಸ್ತ್ರಿ ಟೀಚರ್’. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರಂತೆ. ಒಂದು ದಿನ ಇವರೇ, ‘ಹೌದ್ರಪ್ಪ, ನಿಮ್ಮ ಸುಕ್ಕು ತೆಗೆಯೋಕೆ ಬಂದಿರೋದು. ಆದ್ರೆ ನೀವು ಹತ್ತಿ ಬಟ್ಟೆ, ಹೊರಗೆ ಹೋಗ್ತಿದ್ದ ಹಾಗೇ ಮತ್ತೆ ಸುಕ್ಕು’ ಎಂದರಂತೆ. ಅಂದಿನಿಂದ ಹೆಸರು ಮುಖಕ್ಕೇ ಬಂತು.

ತರಗತಿ ನಡೆಯುವುದು ಅದೇ ಸಣ್ಣ ಕೋಣೆಯಲ್ಲಿ. ಒಂದು ಕಾಲಕ್ಕೆ ನಲವತ್ತು ಮಕ್ಕಳಿದ್ದರು, ಬೆಂಚು ಸಾಲದೆ ಅಂಗಳದಲ್ಲಿ ನಿಲ್ಲುತ್ತಿದ್ದರು. ಈಗ ಒಂಬತ್ತು. ಕೆಲವರಿಗೆ ಟ್ಯೂಷನ್, ಕೆಲವರಿಗೆ ಆಟ, ಕೆಲವರಿಗೆ ಹಾಸಿಗೆ ಬಿಟ್ಟು ಏಳುವ ಮನಸ್ಸಿಲ್ಲ. ಬಂದವರಲ್ಲೂ ಅರ್ಧ ಮಂದಿ ತಾಯಿಯ ಕಾಟಕ್ಕೆ ಬಂದವರು. ಟೀಚರಿಗೆ ಅದೂ ಗೊತ್ತು. ನಿದ್ದೆ ಬಂದರೆ ಏನು ಮಾಡಬೇಕು ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳುತ್ತಾನೆ. ‘ನಿದ್ದೆ ಮಾಡು. ಗೊರಕೆ ಮಾತ್ರ ಹೊಡೀಬೇಡ, ಪಕ್ಕದವರಿಗೆ ದೇವರು ಕೇಳಿಸಲ್ಲ’ ಎನ್ನುತ್ತಾರೆ. ಇನ್ನೊಬ್ಬಳು ತನಗೆ ಗಾಜಿನ ಹಿಂದೆ ರೊಟ್ಟಿಯೇ ಕಾಣುತ್ತದಲ್ಲ ಎಂದು ಗೊಣಗುತ್ತಾಳೆ. ಟೀಚರ್ ಗದರುವುದಿಲ್ಲ. ತಮಗೂ ಕಣ್ಣಿಗೆ ಅಷ್ಟೇ ಕಾಣುವುದು, ಉಳಿದದ್ದನ್ನು ನಂಬಿ ಕೂರಬೇಕು, ನಂಬಿಕೆ ಕಡಿಮೆಯಾದ ದಿನ ಕೂತಾದರೂ ಇರಬೇಕು ಎನ್ನುತ್ತಾರೆ.

ಪ್ರಾರ್ಥನೆ ಎಂದರೇನು ಎಂದು ಇವರು ವ್ಯಾಖ್ಯಾನ ಕೊಡುವುದನ್ನು ಕೇಳಿದವರಿಲ್ಲ. ಹೇಗೆ ಕೂರಬೇಕೆಂದು ಹೇಳುತ್ತಾರೆ. ಕಾಲು ಜೋಮು ಹಿಡಿದರೆ ಬದಲಿಸಿ. ಕಣ್ಣು ಮುಚ್ಚಲೇಬೇಕೆಂದಿಲ್ಲ. ಬಾಯಿಗೆ ಏನೂ ಬಾರದಿದ್ದರೆ ಯೇಸು ಕಲಿಸಿದ ಪರಲೋಕ ಮಂತ್ರ ಹೇಳಿ, ಅದೂ ಬೇಡವಾದರೆ ನಿಮಗೆ ಬೇಕಾದವರ ಹೆಸರನ್ನು ಒಂದೊಂದಾಗಿ ಹೇಳಿ, ಬೇಡವಾದವರ ಹೆಸರನ್ನೂ ಸೇರಿಸಿ. ‘ಮೊದಲು ಸ್ವಲ್ಪ ಹೊತ್ತು ತಲೆ ಸಂತೆ ಇದ್ದ ಹಾಗಿರುತ್ತೆ. ಯಾರನ್ನೂ ಓಡಿಸೋಕೆ ಹೋಗಬೇಡಿ. ವ್ಯಾಪಾರ ಮುಗಿಸಿ ಅವರೇ ಹೋಗ್ತಾರೆ.’

ಆದರೆ ಇದೆಲ್ಲ ಎರಡನೆಯ ವಾರದ ಪಾಠ. ಮೊದಲ ವಾರ ಇವರು ಕಲಿಸುವುದು ಎದ್ದು ಹೋಗುವುದನ್ನು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪರಮಪ್ರಸಾದವನ್ನು ಹೀಗೆ ಹೊರಗಿಟ್ಟಾಗ ಅದರ ಮುಂದೆ ಯಾರಾದರೊಬ್ಬರು ಇರಲೇಬೇಕು. ಒಂಟಿಯಾಗಿ ಬಿಡುವಂತಿಲ್ಲ. ಆದ್ದರಿಂದ ಗಂಟೆಗೊಬ್ಬರಂತೆ ಸರದಿ ಹಾಕಿಕೊಳ್ಳುತ್ತಾರೆ. ಮುಂದಿನವರು ಬರುವವರೆಗೆ ಕುಳಿತವರು ಏಳುವುದಿಲ್ಲ. ಈ ಕೋಣೆಯ ಗೂಡಿಗೆ ಮಾತ್ರ, ಬೇರೆಡೆ ಅಪರೂಪವಾದ ಒಂದು ಅನುಕೂಲವಿದೆ: ಎರಡು ಪುಟ್ಟ ಮರದ ಬಾಗಿಲು, ಒಂದು ಚಿಲಕ. ತೀರಾ ತುರ್ತು ಬಂದರೆ ಕುಳಿತವರು ಆ ಬಾಗಿಲು ಮುಚ್ಚಿ, ಗುರುಗಳ ಮನೆಯ ಕರೆಗಂಟೆ ಒತ್ತಿ, ಹೊರಡಬಹುದು. ಟೀಚರ್ ಹೊಸ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಆ ಬಾಗಿಲು ಮುಚ್ಚಿಸುತ್ತಾರೆ. ಮಂಡಿಯೂರು, ಬಲದ ಬಾಗಿಲು, ಎಡದ ಬಾಗಿಲು, ಚಿಲಕ, ಕರೆಗಂಟೆ, ಹೋಗು. ಕೈ ನಡುಗದೆ ಬರುವವರೆಗೆ ಮಾಡಿಸುತ್ತಾರೆ. ಇಲ್ಲಿ ಮಕ್ಕಳು ಫೋನು ಆರಿಸುವಂತಿಲ್ಲ. ಸದ್ದು ತೆಗೆದು ತೊಡೆಯ ಮೇಲಿಟ್ಟುಕೊಳ್ಳಬೇಕು, ಮನೆಯಿಂದ ಕರೆ ಬಂದರೆ ತಿಳಿಯಬೇಕು.

‘ಮನೆಯಲ್ಲಿ ಯಾರಿಗಾದ್ರೂ ನೀವು ಬೇಕು ಅಂದ್ರೆ ಎದ್ದು ಹೋಗಿ. ಇವನು ಕಾಯ್ತಾನೆ. ಇವನಿಗೆ ಕಾದು ಅಭ್ಯಾಸ ಇದೆ. ಮನುಷ್ಯರಿಗೆ ಅಷ್ಟು ಹೊತ್ತು ಇರಲ್ಲ.’ ಪ್ರತಿ ವರ್ಷವೂ ಇದೇ ಮಾತು, ಒಂದಕ್ಷರ ಆಚೀಚೆ ಇಲ್ಲ ಎಂದು ಹಳೆಯ ವಿದ್ಯಾರ್ಥಿಗಳು ನೆನೆಯುತ್ತಾರೆ. ಈ ಪಾಠ ಯಾಕೆಂದು ಯಾವ ವರ್ಷವೂ ಹೇಳಿದ್ದಿಲ್ಲ.

ಕಾರಣ ಹೀಗಿದೆ. ಇವರ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಮಾತುಗಾರ, ನಗಿಸುವವರು, ಉಬ್ಬಸದ ರೋಗಿ. ಉಸಿರು ಕಟ್ಟಿದಾಗ ಮದ್ದನ್ನು ಆವಿ ಮಾಡಿ ಕೊಡುವ ಸಣ್ಣ ಯಂತ್ರ ಮನೆಯಲ್ಲಿತ್ತು. ಉಬ್ಬಸ ಜೋರಾದರೆ ಅವರ ಕೈ ಎಷ್ಟು ನಡುಗುತ್ತಿತ್ತೆಂದರೆ ಮದ್ದು ತುಂಬಲು ಇನ್ನೊಬ್ಬರು ಬೇಕಿತ್ತು. ಮಕ್ಕಳಿರಲಿಲ್ಲ. ಇನ್ನೊಬ್ಬರೆಂದರೆ ಹೆಂಡತಿಯೇ. ಹದಿನಾಲ್ಕು ವರ್ಷದ ಹಿಂದಿನ ಒಂದು ಚಳಿಗಾಲದ ಬೆಳಗ್ಗೆ, ರಾತ್ರಿಯೆಲ್ಲ ಎದೆ ಗುಂಯ್‌ಗುಟ್ಟುತ್ತಿದ್ದರೂ, ಆರಾಧನೆಗೆ ಹೋಗಿ ಬಾ ಎಂದವರು ಅವರೇ. ತಾವಿಲ್ಲಿ ಎಲ್ಲಿಗೂ ಓಡಿಹೋಗುವುದಿಲ್ಲ, ಅಷ್ಟು ಉಸಿರೇ ಇಲ್ಲ ಎಂದು ತಮಾಷೆಯನ್ನೂ ಮಾಡಿದರಂತೆ. ಒಂದು ಗಂಟೆ ತಾನೇ ಎಂದು ಇವರು ಬಂದರು.

ಆ ದಿನ ಮುಂದಿನ ಗಂಟೆ ಇವರ ತರಗತಿಯ ಮಗುವೊಂದರದು. ಮಗು ಬರಲಿಲ್ಲ. ಆಗ ಗೂಡಿಗೆ ಬಾಗಿಲಿರಲಿಲ್ಲ. ಗುರುಗಳು ಇನ್ನೊಂದು ಹಳ್ಳಿಯ ಪೂಜೆಗೆ ಹೋಗಿದ್ದರು. ಫೋನನ್ನು ಒಳಗೆ ತರಬಾರದೆಂದು ಮಕ್ಕಳಿಗೆ ಕಲಿಸಿದ್ದವರು ಇವರೇ, ಆದ್ದರಿಂದ ಇವರೂ ತರುತ್ತಿರಲಿಲ್ಲ. ದೇವರನ್ನು ಒಂಟಿಯಾಗಿ ಬಿಟ್ಟು ಏಳಬಾರದೆಂದು ಕಲಿಸಿದ್ದೂ ಇವರೇ. ಈಗ ಬರುತ್ತದೆ, ಈಗ ಬರುತ್ತದೆ ಎಂದು ಕುಳಿತರು. ‘ಎದ್ದು ಬಿಡ್ತಿದ್ದೆ. ಎರಡು ಸಲ ಎದ್ದೆ ಕೂಡ. ಬಾಗಿಲವರೆಗೂ ಹೋಗಿ ತಿರುಗಿ ನೋಡಿದೆ, ಆ ಕೋಣೆ ಖಾಲಿ ಕಾಣಿಸ್ತು. ಮನಸ್ಸು ಬರ್ಲಿಲ್ಲ. ವಾಪಸ್ ಬಂದು ಕೂತೆ.’

ಕೊನೆಗೆ ಮಗು ಓಡೋಡಿ ಬಂತು, ಕೆದರಿದ ತಲೆ, ಅದಲು ಬದಲಾದ ಚಪ್ಪಲಿ. ಪರೀಕ್ಷೆಗೆ ಓದಿ ಮಲಗಿ ಎಚ್ಚರವಾಗಿರಲಿಲ್ಲ. ಪರವಾಗಿಲ್ಲ ಕೂತ್ಕೋ ಎಂದು ಹೇಳಿ ಇವರು ಮನೆಗೆ ಬಂದರು. ಗಂಡ ಹೊಸ್ತಿಲ ಬಳಿಯ ಸ್ಟೂಲಿನ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ಒಂದು ಕಾಲಿಗೆ ಮೆಟ್ಟು ಹಾಕಿಕೊಂಡಿದ್ದರು, ಇನ್ನೊಂದು ಕೈಯಲ್ಲಿತ್ತು. ಹೆಂಡತಿಯನ್ನು ಕರೆಯಲು ಹೊರಟಿದ್ದರು. ಮೈ ಇನ್ನೂ ಬೆಚ್ಚಗಿತ್ತು.

ಆ ಮಗು ಯಾರೆಂದು ಇವರು ಅಂದೂ ಹೇಳಲಿಲ್ಲ, ಇಂದೂ ಹೇಳುವುದಿಲ್ಲ. ಮಕ್ಕಳು ತಮ್ಮತಮ್ಮಲ್ಲೇ ಸರದಿ ಬದಲಿಸಿಕೊಳ್ಳುತ್ತಿದ್ದುದರಿಂದ ಬೇರೆ ಯಾರಿಗೂ ತಿಳಿಯಲಿಲ್ಲ. ತಮ್ಮ ಗಂಟೆ ಮುಗಿಯುವ ಮೊದಲೇ ಗಂಡನ ಜೀವ ಹೋಗಿತ್ತೆಂದು ಇವರು ಎಲ್ಲರಿಗೂ ಹೇಳಿದ್ದರಿಂದ ಆ ಮಗುವಿಗೂ ತಿಳಿಯದು; ತಡವಾಗಿ ಬಂದೆ, ಟೀಚರ್ ಬೈಯಲಿಲ್ಲ, ಅಷ್ಟೇ ಅದರ ನೆನಪು. ಈಗ ದೊಡ್ಡದಾಗಿದೆ, ಅದಕ್ಕೂ ಮಕ್ಕಳಿವೆ ಎಂದಷ್ಟೇ ಹೇಳಿ ಇವರು ಮಾತು ಬದಲಿಸುತ್ತಾರೆ. ‘ನಿದ್ದೆ ಬರೋದು ಪಾಪ ಅಲ್ಲ. ಗೊತ್ತಾದ್ರೆ ಜೀವನಪೂರ್ತಿ ನಿದ್ದೆ ಬರಲ್ಲ ಅದಕ್ಕೆ. ಯಾಕೆ ಬೇಕು?’

ಹಿಂದಿನ ಗುರುಗಳೊಬ್ಬರಿಗೆ ಮಾತ್ರ ಎಲ್ಲ ಗೊತ್ತಿತ್ತು. ಮುಂದಿನ ವಾರವೇ ಅವರು ಬಡಗಿಯನ್ನು ಕರೆಸಿ ಗೂಡಿಗೆ ಬಾಗಿಲು ಹಾಕಿಸಿದರು. ಕಾರಣ ಕೇಳಿದವರಿಗೆ ಧೂಳು ಎಂದರು. ಅವರೂ ತೀರಿಕೊಂಡು ಬಹಳ ಕಾಲವಾಯಿತು.

ಸಾವಿನ ಮನೆಗೆ ಬಂದ ಗಂಡನ ಅಕ್ಕ ನೆಂಟರಿಷ್ಟರ ಎದುರಿಗೆ ಹೇಳಿದ ಮಾತನ್ನು ಇವರು ಮರೆತಿಲ್ಲ: ‘ದೇವರಿಗೆ ಕಾವಲು ಕೂತ್ಲು, ನನ್ನ ತಮ್ಮನಿಗೆ ಕೂರ್ಲಿಲ್ಲ.’ ಮರೆತಿಲ್ಲ, ಆದರೆ ಆ ಅಕ್ಕ ಒಂಟಿಯಾದಾಗ ಮನೆಗೆ ಕರೆತಂದು ಇಟ್ಟುಕೊಂಡಿದ್ದಾರೆ. ಎರಡು ಕೋಣೆಯ ಮನೆ, ಇಬ್ಬರು ವಿಧವೆಯರು. ಮಾತು ಹೆಚ್ಚಿಲ್ಲ. ಇವರು ಬೆಳಗ್ಗೆ ಏಳುವಷ್ಟರಲ್ಲಿ ಚಹಾದ ಲೋಟ ಒಲೆಯ ಪಕ್ಕ ತಟ್ಟೆ ಮುಚ್ಚಿ ಇಟ್ಟಿರುತ್ತದೆ. ಅಕ್ಕ ಮತ್ತೆ ಹೊದ್ದು ಮಲಗಿರುತ್ತಾರೆ, ನಿದ್ದೆ ಬಂದವರಂತೆ. ಚಹಾ ಯಾವತ್ತೂ ಬಿಸಿಯಾಗಿಯೇ ಇರುತ್ತದೆ.

ಇಷ್ಟು ವರ್ಷ ಯಾರಿಗೂ ತೊಂದರೆಯೆನಿಸದ ಆ ಮೊದಲ ಪಾಠ ಈ ವರ್ಷ ತೊಂದರೆ ತಂದಿತು. ತರಗತಿಯಲ್ಲೊಬ್ಬ ಹುಡುಗಿ, ಒಂಬತ್ತನೆಯ ಕ್ಲಾಸು. ಅವಳ ತಂಗಿಗೆ ಮೂರ್ಛೆರೋಗ. ಒಂದು ಶನಿವಾರ ಮಧ್ಯಾಹ್ನದ ಗಂಟೆಯಲ್ಲಿ ಈ ಹುಡುಗಿ ಒಬ್ಬಳೇ ಆರಾಧನೆಗೆ ಕುಳಿತಿದ್ದಾಗ ತೊಡೆಯ ಮೇಲಿನ ಫೋನು ನಡುಗಿತು. ತಾಯಿ ಕೆಲಸಕ್ಕೆ ಹೋಗಿದ್ದರು. ತಂಗಿ ಬಚ್ಚಲಲ್ಲಿ ಬಿದ್ದಿದ್ದಾಳೆ, ಬಾಗಿಲು ಒಳಗಿನಿಂದ ಹಾಕಿದೆ ಎಂದು ಅಕ್ಕಪಕ್ಕದವರು ಕರೆ ಮಾಡಿದ್ದರು. ಹುಡುಗಿ ಮಂಡಿಯೂರಿದಳು, ಬಾಗಿಲು ಮುಚ್ಚಿದಳು, ಚಿಲಕ ಹಾಕಿದಳು, ಕರೆಗಂಟೆ ಒತ್ತಿ ಓಡಿದಳು. ಬಚ್ಚಲ ಚಿಲಕವನ್ನು ಹೊರಗಿನಿಂದ ಕಳಚುವ ಉಪಾಯ ಅವಳೊಬ್ಬಳಿಗೇ ಗೊತ್ತಿತ್ತು. ತಂಗಿಯ ಮುಖ ನೀರಿನ ಬಕೆಟ್ಟಿನ ಪಕ್ಕದಲ್ಲಿತ್ತು, ಬಕೆಟ್ಟಿನಲ್ಲಿರಲಿಲ್ಲ. ಅಷ್ಟೇ ಪುಣ್ಯ.

ಗುರುಗಳು ಆ ಹೊತ್ತಿನಲ್ಲಿ ಮನೆಯಲ್ಲಿರಲಿಲ್ಲ. ಕರೆಗಂಟೆ ಯಾರಿಗೂ ಕೇಳಲಿಲ್ಲ. ಕೋಣೆಗೆ ಬಂದವರು ಚರ್ಚಿನ ಸಮಿತಿಯ ಹಿರಿಯರಾದ ನಿವೃತ್ತ ಹೆಡ್‌ಮಾಸ್ಟರು. ಮೂವತ್ತು ವರ್ಷ ಒಂದು ಗಂಟೆಯನ್ನೂ ತಪ್ಪಿಸದೆ ಆರಾಧನೆಗೆ ಕುಳಿತವರು ಅವರು. ಖಾಲಿ ಬೆಂಚು, ಮುಚ್ಚಿದ ಬಾಗಿಲು ಕಂಡು ಅವರಿಗೆ ಎದೆ ಒಡೆದಂತಾಯಿತು. ಬಾಗಿಲು ತೆರೆದು, ನೋವಿರುವ ಮಂಡಿಯನ್ನೂರಿ, ಸಂಜೆಯವರೆಗೆ ಆ ಜಮಖಾನೆಯ ಮೇಲೆ ಒಬ್ಬರೇ ಇದ್ದರು. ಅವರ ದುಃಖ ನಾಟಕವಲ್ಲ. ಹುಡುಗಿಯನ್ನು ಅವರು ಬೈಯಲೂ ಇಲ್ಲ. ಅವಳ ತಂಗಿಗೆ ಆಮೇಲೆ ಹಣ್ಣು ಕೊಂಡು ಹೋಗಿ ಕೊಟ್ಟು ಬಂದರು. ಅವರ ತಕರಾರು ಪಾಠದ ಮೇಲೆ, ಪಾಠ ಹೇಳಿದವರ ಮೇಲೆ.

ಸಮಿತಿ ಸೇರಿತು. ಟೀಚರನ್ನು ಕರೆಸಿದರು. ಹೆಡ್‌ಮಾಸ್ಟರು ಕೇಳಿದ್ದು ಒಂದೇ ಮಾತು: ‘ಭಕ್ತಿ ಕಲಿಸಿ ಅಂತ ಮಕ್ಕಳನ್ನ ಒಪ್ಪಿಸಿದ್ರೆ ಪಲಾಯನ ಕಲಿಸ್ತೀರಲ್ಲಮ್ಮ. ಮೊದಲ ದಿನವೇ ಏಳೋದು ಕಲಿತ ಮಗು ಯಾವತ್ತು ಕೂರುತ್ತೆ?’ ತುರ್ತಿದ್ದರೆ ಹೋಗಲಿ, ಅದನ್ನು ಪಾಠ ಮಾಡುವುದು ಯಾಕೆ, ಅದೂ ಮೊದಲನೆಯ ಪಾಠ ಯಾಕೆ ಎಂದು ಉಳಿದವರೂ ಕೇಳಿದರು. ಆ ಒಂದು ಪಾಠವನ್ನು ಕೈಬಿಟ್ಟರೆ ತರಗತಿ ಇವರಲ್ಲೇ ಇರಲಿ ಎಂದರು. ಹೊಸ ಗುರುಗಳು ಚಿಕ್ಕ ಪ್ರಾಯದವರು, ಒಳ್ಳೆಯವರು. ಅವರು ಮೇಜಿನ ಮೇಲಿನ ಪೆನ್ನನ್ನು ತಿರುಗಿಸುತ್ತಾ ಕುಳಿತಿದ್ದರು.

ಇವರಿಗೆ ಒಪ್ಪುವುದಕ್ಕೂ ನಾಲಿಗೆ ಬರಲಿಲ್ಲ, ವಾದಿಸುವುದಕ್ಕೂ ಬರಲಿಲ್ಲ. ಮೌನವೇ ಸಮ್ಮತಿ ಎಂದು ಸಮಿತಿ ತಿಳಿಯಿತು. ಎಲ್ಲರೂ ಕೈಮುಗಿದು ಎದ್ದರು. ಹೆಡ್‌ಮಾಸ್ಟರು ತಾವೇ ಕೊಡೆ ಹಿಡಿದು ಇವರನ್ನು ಗೇಟಿನವರೆಗೆ ಬಿಟ್ಟು ಬಂದರು.

ಮುಂದಿನ ಭಾನುವಾರ ತರಗತಿಗೆ ಹೊಸದಾಗಿ ಇಬ್ಬರು ಮಕ್ಕಳು ಸೇರಿದ್ದರು. ಟೀಚರ್ ಅವರನ್ನು ಗೂಡಿನ ಹತ್ತಿರ ಕರೆದರು. ಮಂಡಿಯೂರು, ಬಲದ ಬಾಗಿಲು, ಎಡದ ಬಾಗಿಲು, ಚಿಲಕ. ಸುದ್ದಿ ಅಂದು ಸಂಜೆಯೊಳಗೆ ಮುಟ್ಟಬೇಕಾದವರಿಗೆ ಮುಟ್ಟಿತು. ತರಗತಿಯನ್ನು ಇವರಿಂದ ತೆಗೆದದ್ದು ಹಾಗೆ. ಮುಂದಿನ ತಿಂಗಳಿಂದ ಬೇರೊಂದು ಊರಿನ ಯುವಕರ ತಂಡ ಬರುತ್ತದೆ. ಗಿಟಾರು, ಪರದೆಯ ಮೇಲೆ ಚಿತ್ರ, ಹಾಡು ಎಲ್ಲ ಇದೆ. ಅದರ ಬಗ್ಗೆ ಇವರಿಗೆ ಕಹಿಯಿಲ್ಲ. ಮಕ್ಕಳಿಗೆ ಹಾಡು ಬೇಕು, ತಾವು ಹಾಡಿದರೆ ಕಾಗೆಗಳು ನೆಂಟರು ಬಂದರೆಂದು ಬಂದು ಕೂರುತ್ತವೆ ಎಂದು ನಗುತ್ತಾರೆ. ಆ ನಗು ಕಣ್ಣಿನವರೆಗೆ ಹೋಗುವುದಿಲ್ಲ. ಭಾನುವಾರ ಬೆಳಗ್ಗೆ ಇನ್ನು ಏನು ಮಾಡುತ್ತೀ ಎಂದು ಮನೆಯಲ್ಲಿ ಗಂಡನ ಅಕ್ಕ ಕೇಳಿದಾಗ ಇವರು ಚಹಾದ ಲೋಟ ತೊಳೆಯಲು ಎದ್ದರಂತೆ.

ಗಂಡನ ಸಾವಿನ ಪೂರ್ತಿ ಕಥೆಯನ್ನು ಸಮಿತಿಯ ಮುಂದೆ ಹೇಳಿದ್ದರೆ ಯಾರೂ ಎದುರಾಡುತ್ತಿರಲಿಲ್ಲ. ಹೆಡ್‌ಮಾಸ್ಟರಂತೂ ಅತ್ತೇಬಿಡುತ್ತಿದ್ದರು. ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಇವರು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ, ಬಟ್ಟೆಯನ್ನು ತಿರುವಿ ಹಾಕಿ, ಆಮೇಲೆ ಉತ್ತರ ಕೊಡುತ್ತಾರೆ. ‘ಅದನ್ನ ಹೇಳಿ ಕ್ಲಾಸು ಉಳಿಸ್ಕೊಂಡಿದ್ರೆ ಅವರ ಸಾವನ್ನ ಮಾರಿ ತಿಂದ ಹಾಗಾಗ್ತಿತ್ತು. ಈಗ ಕ್ಲಾಸು ಹೋಯ್ತಲ್ಲ. ಈಗ ಹೇಳಬಹುದು.’

ಕೊನೆಯ ತರಗತಿ ಕಳೆದ ಭಾನುವಾರ. ಬೀಳ್ಕೊಡುಗೆಯೆಂದು ಏನೂ ಇರಲಿಲ್ಲ, ಇವರು ಬೇಡವೆಂದಿದ್ದರು. ಗುರುಗಳು ಬಾಗಿಲವರೆಗೆ ಬಂದು, ನಿಮ್ಮ ಪಾಠದಲ್ಲಿ ತಪ್ಪಿಲ್ಲವೆಂದು ನನಗೆ ಗೊತ್ತಿತ್ತು, ಹೇಳಬೇಕಿತ್ತು ಎಂದು ತಗ್ಗಿದ ದನಿಯಲ್ಲಿ ಹೇಳಿ, ಇವರು ಸಮಾಧಾನ ಮಾಡುವ ಮೊದಲೇ ಹೊರಟು ಹೋದರು. ಮಕ್ಕಳು ಅಂದು ಒಬ್ಬರನ್ನೊಬ್ಬರು ತಿವಿಯಲಿಲ್ಲ. ಗೊರಕೆಯ ಪ್ರಶ್ನೆ ಕೇಳಿದ್ದ ಹುಡುಗ ಮುಂದಿನ ಬೆಂಚಿಗೆ ಬಂದು ಕುಳಿತಿದ್ದ. ಎಲ್ಲರೂ ಸ್ವಲ್ಪ ಹೊತ್ತು ಪರಮಪ್ರಸಾದದ ಎದುರು ಸುಮ್ಮನಿದ್ದರು. ಆಮೇಲೆ ಒಬ್ಬಳು ಕೇಳಿದಳು: ಇಷ್ಟು ವರ್ಷ ಕೂತಿದ್ದೀರಲ್ಲ ಟೀಚರ್, ನಿಮಗೆ ಒಳಗೆ ಏನು ಕೇಳಿಸುತ್ತದೆ?

ಬೇರೆಯವರಾಗಿದ್ದರೆ ಮಕ್ಕಳಿಗೆ ಹುರುಪು ಬರುವಂಥದ್ದೇನಾದರೂ ಹೇಳುತ್ತಿದ್ದರು. ಇವರು ಜಪಸರವನ್ನು ಬೆರಳಿನಿಂದ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡರು.

‘ಏನೂ ಇಲ್ಲ ಮಗಳೇ. ಮೊದಲು ಕೇಳಿಸ್ತಿತ್ತು. ಅಂದ್ರೆ, ಮನಸ್ಸು ತುಂಬಿ ಬರ್ತಿತ್ತು. ಹದಿನಾಲ್ಕು ವರ್ಷ ಆಯ್ತು, ಏನೂ ಇಲ್ಲ. ಒಣಗಿದ ಬಟ್ಟೆ.’

‘ಮತ್ತೆ ಯಾಕೆ ಬರ್ತೀರಾ?’

ಇವರು ತಲೆಯೆತ್ತಿ ಗೂಡಿನ ಕಡೆ ನೋಡಿದರು. ಫ್ಯಾನು ಕುಂಟಿಕೊಂಡು ತಿರುಗುತ್ತಿತ್ತು. ‘ಒಂದು ಮನೆಯಲ್ಲಿ ಇಬ್ಬರು ಮಾತು ಬಿಟ್ಟಿರ್ತಾರೆ. ಹಾಗಂತ ಒಬ್ಬರು ಊಟಕ್ಕೆ ಬರದೇ ಇರ್ತಾರಾ? ಬರ್ತಾರೆ. ಕೂತ್ಕೋತಾರೆ. ಒಂದೇ ಪಾತ್ರೆಯಿಂದ ಬಡಿಸ್ಕೋತಾರೆ. ನಾನೂ ಇವನೂ ಹಾಗೆ.’ ಮಕ್ಕಳು ನಗಬೇಕೋ ಬೇಡವೋ ತಿಳಿಯದೆ ಕುಳಿತರು. ಒಬ್ಬ ಹುಡುಗ ಮಾತ್ರ ತಮ್ಮ ಮನೆಯಲ್ಲೂ ಹಾಗೇ ಎಂದು ಮೆಲ್ಲನೆ ಹೇಳಿದ. ಟೀಚರ್ ಅವನ ತಲೆ ಸವರಿದರು.

ಎಲ್ಲರೂ ಹೋದ ಮೇಲೆ, ತಂಗಿಗೆ ಮೂರ್ಛೆಯಿರುವ ಹುಡುಗಿ ಹಿಂದೆ ಉಳಿದಳು. ತನ್ನಿಂದಲೇ ಟೀಚರಿಗೆ ಹೀಗಾಯಿತೆಂಬ ಭಾರ ಅವಳ ಮುಖದ ಮೇಲಿತ್ತು. ಮುಂಜಾನೆಯ ಗಂಟೆಗೆ ತಾನು ಜೊತೆಗೆ ಬರುತ್ತೇನೆ, ದಿನಾ ಬರುತ್ತೇನೆ ಎಂದಳು. ಒಪ್ಪಿಕೊಂಡಿದ್ದರೆ ಇಬ್ಬರಿಗೂ ಹಿತವಾಗುತ್ತಿತ್ತು. ಟೀಚರ್ ಒಪ್ಪಲಿಲ್ಲ. ಬೆಳಗಿನ ಹೊತ್ತು ಅವಳ ತಾಯಿ ಕೆಲಸಕ್ಕೆ ಹೊರಡುವ ಹೊತ್ತು, ತಂಗಿಯ ಹತ್ತಿರ ಯಾರಿರುತ್ತಾರೆ ಎಂದು ಕೇಳಿದರು. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ತಾನು ತಪ್ಪು ಮಾಡಿದೆನಾ ಎಂದು ಕೇಳಿದಳು. ಟೀಚರ್ ತಮ್ಮ ಸೆರಗಿನಿಂದ ಅವಳ ಮುಖ ಒರೆಸಿ, ಚೀಲದಿಂದ ಬ್ರೆಡ್ಡಿನ ಪೊಟ್ಟಣ ತೆಗೆದು ತಂಗಿಗೆಂದು ಕೈಗಿಟ್ಟು, ಬೇಗ ಮನೆಗೆ ಹೋಗೆಂದು ಬೆನ್ನು ತಟ್ಟಿದರು. ಅದು ಇವರ ಮಧ್ಯಾಹ್ನದ ಊಟ.

ಭಾನುವಾರವಾದರೂ ಆಸ್ಪತ್ರೆಯಲ್ಲಿ ಹೊದಿಕೆಗಳು ಕೊಳೆಯಾಗುತ್ತವೆ. ಮಧ್ಯಾಹ್ನದ ಪಾಳಿಗೆ ಇವರು ನೆಲಮಾಳಿಗೆಗೆ ಇಳಿಯುತ್ತಾರೆ. ಇಸ್ತ್ರಿಪೆಟ್ಟಿಗೆ ಕಾಯುವವರೆಗೆ ಗಾಡಿಯ ಪಕ್ಕ ನಿಂತು, ಕಿಟಕಿಯಲ್ಲಿ ಹಾದುಹೋಗುವ ಕಾಲುಗಳನ್ನು ನೋಡುತ್ತಾರೆ. ಹೆಡ್‌ಮಾಸ್ಟರು ಹೇಳಿದ್ದೂ ಸುಳ್ಳಲ್ಲ, ಕೂರುವುದನ್ನು ಕಲಿಯದ ಮಕ್ಕಳೇ ಹೆಚ್ಚು, ತಮ್ಮ ಕೈಯಲ್ಲಿ ಕಲಿತು ದೊಡ್ಡ ಭಕ್ತರಾದವರು ಯಾರೂ ಇಲ್ಲ, ಅರ್ಧಕ್ಕರ್ಧ ಮಂದಿ ಈಗ ಚರ್ಚಿನ ಕಡೆಗೇ ಬರುವುದಿಲ್ಲ ಎಂದು ತಾವಾಗಿಯೇ ಹೇಳುತ್ತಾರೆ. ಹಾಗಾದರೆ ಇಷ್ಟು ವರ್ಷ ಕಲಿಸಿದ್ದರಿಂದ ಏನಾಯಿತು ಎಂದು ಕೇಳುವುದು ಒರಟಾದೀತು. ಆದರೆ ಆ ಪ್ರಶ್ನೆ ಅವರದೇ ಮುಖದ ಮೇಲೆ ಇದೆ. ಇಸ್ತ್ರಿಯ ತಳಕ್ಕೆ ಎರಡು ಹನಿ ನೀರು ಚಿಮುಕಿಸಿ ಶಾಖ ನೋಡುತ್ತಾರೆ. ಮೊದಲ ಹೊದಿಕೆಯನ್ನು ಮೇಜಿನ ಮೇಲೆ ಹರಡಿ, ಅಂಗೈಯಿಂದ ಉದ್ದಕ್ಕೂ ಸವರುತ್ತಾರೆ.

‘ಒಂದು ಮಾತ್ರ ಹೇಳ್ತೀನಿ. ನನ್ನ ಹತ್ರ ಕಲಿತ ಮಕ್ಕಳಲ್ಲಿ, ಮನೆಯವರು ಕರೆದಾಗ ಕೂತೇ ಇದ್ದವರು ಒಬ್ಬರೂ ಇಲ್ಲ.’